ಮೋಟಾರಿನೊಳಗಿನ ಹೆಂಗಸು

ನಮ್ಮ ಯಜಮಾನ್ರು ದೊಡ್ಡರಂಗಯ್ಯನವರಿಗೆ ನನ್ನ ಮೇಲಿಲ್ಲದ ಮರ್ಯಾದೆ ಮೋಟಾರಿನ ಮೇಲಿತ್ತು. ಗೌಡಗೆರೆ ಹತ್ತಿರದ ನಮ್ಮ ಬೋರ್‌ವೆಲ್‌ಗೆ ಸಿರಾದ ಮೆಕ್ಯಾನಿಕ್ ಯೂನುಸ್ ಬಂದು, ಒಳಗೊಂದು ಸಿಮ್ ಇರೋ ಮೊಬೈಲ್ ಸ್ಟಾರ್ಟರ್ ಡಬ್ಬಿ ಕೂರಿಸಿದ್ದ. ಮನೇಲಿ ಕೂತು ಫೋನ್ ಒತ್ತಿದ್ರೆ ಸಾಕು, ಹೊಲದಲ್ಲಿ ನೀರು. ಆಮೇಲೆ ಡಬ್ಬೀನೇ ತಿರುಗಿ ಫೋನ್ ಮಾಡಿ, "ನಿಮ್ಮ ಮೋಟಾರ್ ಚಾಲೂ ಆಗಿದೆ" ಅಂತ ಹೆಣ್ಣು ದನೀಲಿ ಹೇಳೋದು. ಇವರು ಎದ್ದು ನಿಂತು, "ಆಯ್ತು ಕಣಮ್ಮ, ಒಳ್ಳೇದಾಗ್ಲಿ" ಅನ್ನೋರು. ನನಗೆ ಒಂದಿನಾನಾದ್ರೂ ಹಂಗಂದಿದ್ದುಂಟಾ?

ಡಬ್ಬಿ ಕೂರಿಸಿದ ದಿನ "ನನ್ ನಂಬರೂ ಅದಕ್ಕೆ ಹಾಕಪ್ಪ" ಅಂದಿದ್ದೆ. "ನಿಂಗ್ಯಾಕೆ?" ಅಂತ ಇವರು ನಕ್ಕುಬುಟ್ರು. ಯೂನುಸ್ "ಇರ್ಲಿ ಬುಡಿ" ಅಂತ ಹಾಕ್ದ. ಇವರು ಆ ಫೋನ್ ಬುಟ್ರೆ ತಾನೇ ನನ್ನ ಸರದಿ ಬರೋದು, ಮರೆತೇ ಹೋಯ್ತು.

ಮೊನ್ನೆ ಪಾವಗಡದಲ್ಲಿ ನನ್ನ ತಂಗಿ ರಾಧಾಮಣಿ ಮಗೂಗೆ ನಾಮಕರಣ. ಹಿಂದಿನ ದಿನ ತಾನೇ ಸೊಂಟ ಮುರ್ಕೊಂಡು ಕನಕಾಂಬರದ ಸಸಿ ನೆಟ್ಟಿದ್ದೆ. ಮಧ್ಯಾಹ್ನ ತ್ರೀ ಫೇಸ್ ಕರೆಂಟ್ ಬಂದಾಗ ನೀರು ಬುಡದಿದ್ರೆ ಸಂಜೆಗೆಲ್ಲ ಸುಟ್ಟೋಗ್ತವೆ. "ಅಲ್ಲಿಂದ್ಲೇ ಬುಡ್ತೀನಿ, ನಡಿಯೇ" ಅಂತ ಇವರು ಧೈರ್ಯ ಹೇಳಿ ಕರ್ಕೊಂಡು ಬಂದಿದ್ರು.

ಊಟದ ಎಲೆ ಮುಂದೆ ಕೂತು ಫೋನ್ ತೆಗೆದ್ರು. ಬೆಳಿಗ್ಗೆ ಬಸ್ಸಲ್ಲಿ ಆ ಮೋಟಾರಿನ ಆ್ಯಪು ಅಪ್‌ಡೇಟ್ ಆಗಿತ್ತಂತೆ. ಅದು ಕೇಳಿದ್ದಕ್ಕೆಲ್ಲ ಇವರು ಓದದೆ ಓಕೆ ಓಕೆ ಅಂತ ಒತ್ತವ್ರೆ. ಈಗ "ನಿಮ್ಮ ಸ್ಟಾರ್ಟರ್ ಹಳೇದು, ಇದರಲ್ಲಿ ನಡೆಯಲ್ಲ" ಅಂತ ಬರ್ತದೆ. ಅಯ್ಯೋ ಶಿವನೇ! ಅಷ್ಟು ಜನರ ಮುಂದೆ ಫೋನ್ ಹಿಡ್ಕೊಂಡು "ಅಮ್ಮಾ, ಮಾತಾಡಮ್ಮಾ" ಅಂತಾರೆ.

ತಂಗಿ ಗಾಬರಿಯಾಗಿ, ಆ ಊರಿನ ತೆಲುಗು ಬೆರೆಸಿ, "ಏಮೈಂದಿ ಬಾವಾ? ಏನಾಯ್ತು, ಯಾರದು?" ಅಂದ್ಲು.

"ನನ್ನ ಸವತಿ ಕಣೇ, ಮುನಿಸ್ಕೊಂಡವ್ಳೆ" ಅಂದೆ. ಪಂಕ್ತಿಗೆ ಪಂಕ್ತೀನೇ ಬಿದ್ದು ಬಿದ್ದು ನಗ್ತು. ನಾನೂ ನಕ್ಕೆ, ಆದ್ರೆ ಹೊಟ್ಟೆ ಉರೀತಿತ್ತು. ಸಸಿ ನೆಟ್ಟೋಳು ನಾನಲ್ವಾ?

ಯೂನುಸ್‌ಗೆ ಫೋನ್ ಹಚ್ಚಿದ್ವಿ. "ರಂಗಣ್ಣ, ಹೊಸ ಆ್ಯಪು ಡಬ್ಬಿಯಿಂದ ನಿಮ್ಮ ನಂಬರ್ ತೆಗೆದಾಕ್ಬುಟ್ಟದೆ. ಅಕ್ಕನ ನಂಬರ್ ಇನ್ನೂ ಅದ್ರಲ್ಲಿ ಇರ್ಬೇಕು. ಆ್ಯಪು ಬೇಡ, ಸುಮ್ನೆ ಡಬ್ಬಿಗೆ ಫೋನ್ ಮಾಡ್ಲಿ" ಅಂದ.

ನನ್ನ ನಂಬರ್ ಇವತ್ತಿಗೂ ಬಾಯಿಗೆ ಬರದ ಈ ಮನುಷ್ಯ ಡಬ್ಬಿ ನಂಬರ್ ಗಡಗಡ ಅಂತ ಒಪ್ಪಿಸಿದ್ರು. ನನ್ನ ಬಟನ್ ಫೋನಲ್ಲಿ ಒತ್ತಿದೆ. ರಿಂಗಾಗಿ ಕಟ್ ಆಯ್ತು. ಆಮೇಲೆ ನನ್ನ ಫೋನು ಹೊಡ್ಕೊಳ್ತು.

"ನಿಮ್ಮ ಮೋಟಾರ್ ಚಾಲೂ ಆಗಿದೆ."

ನಾಚ್ಕೆ ಬಿಟ್ಟು ಕುಣಿದೇಬುಟ್ಟೆ! ನೋಡ್ತೀನಿ, ಇವರು ಎಲೆ ಮುಂದಿಂದ ಎದ್ದು ನಿಂತವ್ರೆ. ನನ್ನ ಮುಖಾನೇ ನೋಡ್ತಾ, "ಆಯ್ತು ಕಣಮ್ಮ, ಒಳ್ಳೇದಾಗ್ಲಿ" ಅಂದ್ರು.

ಹೊಸ ಡಬ್ಬಿ ಕೂರಿಸ್ಲಾ, ರಂಗಣ್ಣನ ಫೋನಲ್ಲೂ ನಡೀತದೆ ಅಂತ ಯೂನುಸ್ ನಿನ್ನೆ ಕೇಳ್ದ. ಬೇಡಪ್ಪ ಅಂತ ನಾನೇ ಹೇಳ್ಬುಟ್ಟೆ.