ಸುರುಳಿ ಹಾಕಿದ ಚೀಟಿ

ನೂರೈವತ್ತು ರೂಪಾಯಿ ಸಂಬಳ ಬೇಕು, ಬಿಸಿಲಿರುವಾಗಲೇ ಮನೆ ಸೇರಬೇಕು. ಶಿಕಾರಿಪುರದ ಪೇಟೆಯಲ್ಲಿ ಇದನ್ನು ನಾನು ಗುಟ್ಟಾಗೇನೂ ಇಟ್ಟಿರಲಿಲ್ಲ. ಆಗ ನನಗೆ ಇಪ್ಪತ್ತೆಂಟು ವರ್ಷ, ಒಂದು ಮಂಡಿಯಲ್ಲಿ ಎರಡನೇ ಗುಮಾಸ್ತ, ತಿಂಗಳಿಗೆ ಅರವತ್ತು ರೂಪಾಯಿ. ಚಹದಂಗಡಿಯವನು ಲೋಟ ಮುಂದಿಡುವಾಗಲೆಲ್ಲ ಛೇಡಿಸುತ್ತಿದ್ದ: "ಅಮಲ್ದಾರ್ರಿಗೂ ಇಲ್ದ ಭಾಗ್ಯ ನಿಮಗ ಬೇಕೇನ್ರೀ?" ಬೇಕು ಎನ್ನುತ್ತಿದ್ದೆ. ಅವನು ನಗುತ್ತಿದ್ದ, ನಾನು ನಗುತ್ತಿರಲಿಲ್ಲ.

ನಗದಿರಲು ಕಾರಣವಿತ್ತು. ನನ್ನ ಅಪ್ಪ ಅದೇ ಮಂಡಿಯಲ್ಲಿ, ಅದೇ ಡೆಸ್ಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಮೂವತ್ತು ವರ್ಷ ಲೆಕ್ಕ ಬರೆದವರು. ಕೊನೆಕೊನೆಗೆ ಅವರ ಕತ್ತು ನೇರವಾಗುತ್ತಲೇ ಇರಲಿಲ್ಲ. ಊಟಕ್ಕೆ ಕೂತರೂ ತಟ್ಟೆಯಲ್ಲಿ ಜಮಾ ಖರ್ಚು ಹುಡುಕುವವರ ಹಾಗೆ ಬಾಗಿರುತ್ತಿದ್ದರು. ಮಂಡಿಗೆ ರಜೆ ಇರುತ್ತಿದ್ದದ್ದು ಅಮಾವಾಸ್ಯೆಗೆ ಮಾತ್ರ. ಅವರ ಮುಖವನ್ನು ಹಗಲಿನ ಬೆಳಕಿನಲ್ಲಿ ನೋಡಿದ್ದು ಕೂಡ ನನಗೆ ಅಮಾವಾಸ್ಯೆಯ ದಿನಗಳದ್ದೇ ನೆನಪು. ಐವತ್ತೊಂದಕ್ಕೆ ತೀರಿಕೊಂಡರು. ಅವರ ಜಾಗದಲ್ಲಿ ನನ್ನನ್ನು ಕೂರಿಸಿದರು, ಆದರೆ ಅವರ ಕತ್ತು ನನಗೆ ಬೇಡವಾಗಿತ್ತು.

ನಮ್ಮನ್ನು ಕತ್ತಲಾಗುವವರೆಗೆ ಹಿಡಿದು ಕೂರಿಸುತ್ತಿದ್ದದ್ದು ಬರವಣಿಗೆಯಲ್ಲ, ಗಂಟು ಒಪ್ಪಿಸುವ ಕೆಲಸ. ರೈತನ ಗಾಡಿಯಿಂದ ಮಾಲು ಇಳಿಸುವಾಗ ಹಮಾಲರ ಹಿರಿಯ ಚೀಲಕ್ಕೊಂದರಂತೆ ಸೆಣಬಿನ ಹುರಿಯಲ್ಲಿ ಗಂಟು ಹಾಕುತ್ತಿದ್ದ. ಅವನಿಗೆ ಓದು ಬರಹ ಬಾರದು. ರೈತನ ಬಳಿಯೂ ಮನೆಯಲ್ಲೇ ಗಂಟು ಹಾಕಿ ತಂದ ಒಂದು ಹುರಿ ಇರುತ್ತಿತ್ತು. ಸಂಜೆ ತಕ್ಕಡಿ ನಿಂತ ಮೇಲೆ ನಾನು ಪುಸ್ತಕ ನೋಡಿ ಒಂದೊಂದೇ ಹೆಸರು ಕೂಗಬೇಕು. ಹಮಾಲ ಆ ಹೆಸರಿನ ಹುರಿ ತೆಗೆದು ಗಂಟು ಬಿಚ್ಚುತ್ತ ಎಣಿಸಬೇಕು. ರೈತ ತನ್ನದನ್ನು ಬಿಚ್ಚಬೇಕು. ಮೂರೂ ಕೂಡಿದರೆ ಮಾತ್ರ ಚೀಟಿ. ಒಂದು ಗಂಟು ಹೆಚ್ಚು ಕಡಿಮೆಯಾದರೆ ಎಲ್ಲರೂ ಎದ್ದು ಗೋದಾಮಿಗೆ ಹೋಗಿ ಚೀಲ ಮುಟ್ಟಿ ಎಣಿಸಿ ಬರಬೇಕು. ಹೊಸ ಪೈಸೆ ಬಂದ ವರ್ಷ ಈ ಗೋಳು ಇನ್ನೂ ಬೆಳೆಯಿತು. ಆಣೆಯಲ್ಲೇ ಎಣಿಸುವವರಿಗೆ ಆಣೆಯಲ್ಲಿ ಹೇಳಿ, ಪುಸ್ತಕಕ್ಕೆ ಪೈಸೆಯಲ್ಲಿ ಬರೆದು, ಮೇಲೆ ಈ ಗಂಟು. ಆ ಹುರಿಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಗಂಟು ಒಪ್ಪಿದ ಚೀಟಿಯ ಕೊನೆಯಲ್ಲಿ ಅಪ್ಪ ಮಸಿಯಲ್ಲಿ ಒಂದು ಸಣ್ಣ ಸುರುಳಿ ಹಾಕುತ್ತಿದ್ದರು. ಅದು ಅವರು ಮಾಡಿಕೊಂಡ ಗುರುತು. ಎಣಿಸಿ ನೋಡಿದ್ದೇನೆ, ಸರಿ ಇದೆ ಎಂದು ಅದರ ಅರ್ಥ. ಅಂಜನಾಪುರದ ಭತ್ತದವರು, ಉಡುತಡಿಯವರು, ಸೊರಬದ ಕಡೆಯಿಂದ ಅಡಿಕೆ ತರುತ್ತಿದ್ದವರು, ಅವರಲ್ಲಿ ಅಕ್ಷರ ಬಾರದವರು ಕೂಡ ಆ ಸುರುಳಿಯನ್ನು ಹುಡುಕಿ ನೋಡಿ, ಚೀಟಿ ಮಡಚಿಕೊಂಡು ಹೋಗುತ್ತಿದ್ದರು. ಅಪ್ಪ ಹೋದ ಮೇಲೆ ನಾನೂ ಅದನ್ನೇ ಹಾಕಿದೆ. ಅಪ್ಪ ಬಿಟ್ಟುಹೋದ ಆಸ್ತಿ ಅಂತ ಇದ್ದದ್ದು ಅದೊಂದೇ, ಮತ್ತು ಅದನ್ನು ನಾನು ಆಸ್ತಿಯೆಂದು ಎಣಿಸಿಯೇ ಇರಲಿಲ್ಲ.

ಮಂಡಿಯ ಹಿರಿಯ ಗುಮಾಸ್ತರು ಅಪ್ಪನ ಜೊತೆಯವರು. ನಾನು ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದೆ. ಲೇಖನಿ ಹಿಡಿಯುವುದನ್ನು ಕಲಿಸಿದವರು ಅವರು. ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವರು, ನನ್ನ ಮದುವೆಗೆ ಓಡಾಡಿದವರು. ಇನ್ನೆರಡು ವರ್ಷಕ್ಕೆ ಅವರು ಬಿಡುತ್ತಾರೆ, ಅವರ ಗಾದಿ ನನ್ನದು ಎಂದು ಪೇಟೆಗೆಲ್ಲ ಗೊತ್ತಿತ್ತು. ಆ ವರ್ಷ ದೀಪಾವಳಿಗೆ ಹತ್ತು ದಿನ ಇರುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ತಮ್ಮಾ, ಸೊರಬದಾಗ ಒಬ್ರು ಅಡಿಕೆ ಸಾಹುಕಾರ್ರು ಅದಾರ. ಲೆಕ್ಕಕ್ಕ ಒಬ್ಬ ಮನುಷ್ಯಾ ಬೇಕಂತ. ಸಂಬಳ ನೂರೈವತ್ತು. ಬೆಳಿಗ್ಗೆ ಹತ್ತಕ್ಕ ಹೋದ್ರ ಎರಡಕ್ಕ ಮನಿ. ನಿನ್ನ ಸಲುವಾಗೇ ಹುಟ್ಟಿದ ಕೆಲಸ."

"ನನ್ನಂಥವನಿಗೆ ಅಷ್ಟು ಯಾಕ್ ಕೊಡ್ತಾರ ದೊಡ್ಡಪ್ಪ?"

"ನಿನ್ನ ಕೈಬರಹಕ್ಕ. ನಿಮ್ಮಪ್ಪನ ಹೆಸರಿಗೆ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಾನು ಎರಡನೇ ಮಾತು ಕೇಳಲಿಲ್ಲ. ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಕೈಯ ಮೇಲೆ ನನಗೇ ಸಿಟ್ಟು ಬರುತ್ತದೆ.

ದೀಪಾವಳಿಯ ಪಾಡ್ಯದಂದು ಸೊರಬದ ಮಂಡಿಯಲ್ಲಿ ಹೊಸ ಪುಸ್ತಕಗಳಿಗೆ ಪೂಜೆಯಾಯಿತು, ಮೊದಲ ಸಾಲು ನಾನೇ ಬರೆದೆ. ಸಾಹುಕಾರರು ಹಣೆ ತುಂಬ ವಿಭೂತಿ ಇಟ್ಟ, ತೂಕದ ಮಾತಿನ ಮನುಷ್ಯ. ಒಂದು ಪಂಚೆ, ಶಲ್ಯ ಕೊಟ್ಟರು. ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆಗೆ ಒಂದು ಮನೆಯನ್ನೂ ಅವರೇ ನೋಡಿಟ್ಟಿದ್ದರು. ನನಗೆ ಬೇರೆಯೇ ಒಂದು ಕೋಣೆ, ಕಿಟಕಿ, ಬೆನ್ನಿಗೆ ಒರಗು ಇದ್ದ ಕುರ್ಚಿ. ತಕ್ಕಡಿ ಇದ್ದದ್ದು ಹಿಂದಿನ ಅಂಗಳದಲ್ಲಿ. ಅಲ್ಲಿಂದ ತೂಕದವನು ದಿನಕ್ಕೊಮ್ಮೆ ಲೆಕ್ಕದ ಹಾಳೆ ತಂದುಕೊಡುತ್ತಿದ್ದ. ಅದನ್ನು ಪುಸ್ತಕಕ್ಕೆ ಇಳಿಸಿ, ರೈತರಿಗೆ ಒಂದೊಂದು ಚೀಟಿ ಬರೆದರೆ ಮುಗಿಯಿತು.

ಮೊದಲನೇ ದಿನ ಬರೆದು ಮುಗಿಸಿ, ಅಭ್ಯಾಸಬಲದಿಂದ ಕೇಳಿದೆ: "ಗಂಟು ಒಪ್ಪಿಸೋದು ಯಾವಾಗ?"

"ಅದೆಲ್ಲ ನಿಮಗೆಂತಕ್ಕೆ ಮಾರಾಯ್ರೆ" ಎಂದರು ಸಾಹುಕಾರರು. "ಹಿಂದುಗಡೆ ಅವ್ರೇ ನೋಡ್ಕೊಳ್ತಾರೆ. ನೀವು ಹೋಗಿ ಊಟ ಮಾಡಿ."

ನಾನು ಹೋಗಿ ಊಟ ಮಾಡಿದೆ. ಹೋಗುವ ಮುಂಚೆ, ಬರೆದ ಚೀಟಿಗಳಿಗೆಲ್ಲ ಸುರುಳಿ ಹಾಕಿದೆ. ಯಾರೂ ಹಾಕು ಎಂದಿರಲಿಲ್ಲ. ಚೀಟಿ ಎಂದರೆ ಕೊನೆಗೆ ಸುರುಳಿ, ನನ್ನ ಕೈಗೆ ಗೊತ್ತಿದ್ದದ್ದು ಅಷ್ಟೇ.

ಎಂಟು ತಿಂಗಳು ಸುಖಪಟ್ಟೆ. ಸುಳ್ಳು ಯಾಕೆ ಹೇಳಲಿ? ಬಿಸಿ ಅನ್ನ ಉಂಡು ಒಂದು ನಿದ್ದೆ ತೆಗೆದು, ಸಂಜೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆ ಸುತ್ತುತ್ತಿದ್ದೆ. ಹೆಂಡತಿಗೆ ಎರಡು ಬಳೆ ಮಾಡಿಸಿದೆ. ಅವ್ವ ಮಾತ್ರ ಮಧ್ಯಾಹ್ನ ನಾನು ಚಪ್ಪಲಿ ಬಿಡುವಾಗಲೆಲ್ಲ ಗೊಣಗುತ್ತಿದ್ದಳು: "ಇಷ್ಟು ಕಡಿಮಿ ದುಡಿಮಿಗೆ ಇಷ್ಟು ರೊಕ್ಕ ಕೊಡೋರು ನಮ್ಮ ಮ್ಯಾಲಿನ ಪ್ರೀತಿಗೆ ಕೊಡ್ತಾರೇನೋ?" ನಿನಗೆ ಮಗ ಕತ್ತು ಬಗ್ಗಿಸಿಕೊಂಡು ಬಂದರೇ ಸಮಾಧಾನ ಎಂದು ನಾನು ರೇಗಿದೆ.

ಆಷಾಢದಲ್ಲಿ ಒಂದು ದಿನ, ಹನ್ನೆರಡರ ಹೊತ್ತಿಗೆ, ಒಬ್ಬ ಹೆಂಗಸು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ನಲವತ್ತರ ಆಸುಪಾಸು, ಬರಿ ಹಣೆ, ಕಂಬಳಿಕೊಪ್ಪೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾಘದಲ್ಲಿ ಐದು ಚೀಲ ಅಡಿಕೆ ತಂದು ಹಾಕಿದ್ದಳಂತೆ. ರೇಟು ಏರಲಿ ಎಂದು ಮಾಲನ್ನು ಮಂಡಿಯಲ್ಲೇ ಬಿಟ್ಟು, ಮಾರಿದ ಮೇಲೆ ದುಡ್ಡು ಒಯ್ಯುವುದು ಅಲ್ಲಿಯ ರೂಢಿ. ಈಗ ಬಂದರೆ ನಾಲ್ಕೇ ಚೀಲದ ದುಡ್ಡು ಎಣಿಸಿ ಕೊಟ್ಟಿದ್ದರು. ಸೆರಗಿನ ತುದಿ ಬಿಚ್ಚಿ ಚೀಟಿ ತೆಗೆದು ನನ್ನ ಮುಂದಿಟ್ಟಳು. ಜೊತೆಗೆ ಒಂದು ತುಂಡು ಹುರಿ. ಅದರಲ್ಲಿ ಐದು ಗಂಟು.

ಚೀಟಿಯಲ್ಲಿ ನನ್ನ ಅಕ್ಷರದಲ್ಲಿ ನಾಲ್ಕು ಎಂದಿತ್ತು. ಕೆಳಗೆ ಸುರುಳಿ.

"ನಂಗೆ ಓದಕ್ಕೆ ಬರಲ್ಲ" ಎಂದಳು. "ನಮ್ಮನೇರು ಇದ್ದಾಗ ಶಿಕಾರಿಪುರಕ್ಕೆ ಹಾಕ್ತಿದ್ರು. ಈ ಸುರುಳಿ ಇದ್ರೆ ಮತ್ತೆ ಯಾರ ಹತ್ರನೂ ಓದ್ಸದು ಬ್ಯಾಡ ಅಂತಿದ್ರು. ನಾನೂ ಓದ್ಸಲಿಲ್ಲ."

ನಾನು ಎದ್ದು ಹಿಂದಿನ ಅಂಗಳಕ್ಕೆ ಹೋದೆ. ಎಂಟು ತಿಂಗಳಲ್ಲಿ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಹಮಾಲರಿದ್ದರು, ತಕ್ಕಡಿಯಿತ್ತು, ಒಂದೇ ಒಂದು ಹುರಿ ಇರಲಿಲ್ಲ. ಗಂಟು ಹಾಕುವುದಿಲ್ಲವೇ ಎಂದು ಕೇಳಿದೆ. "ಅದನ್ನ ಬಿಟ್ಟು ಎರಡು ವರ್ಷ ಆತು" ಎಂದ ಒಬ್ಬ. ಆಗ ನನಗೆ ಎಲ್ಲ ತಿಳಿಯಿತು. ಒಂಟಿಯಾಗಿ ಬಂದವರು, ಓದು ಬಾರದವರು, ಇಂಥವರ ಲೆಕ್ಕದಲ್ಲಿ ಅರ್ಧ ಚೀಲ, ಒಂದು ಚೀಲ ಹಾಳೆಗೆ ಬರುವ ಮುಂಚೆಯೇ ಉಳಿದುಬಿಡುತ್ತಿತ್ತು. ರೈತರಿಗೆ ಅನುಮಾನ ಹುಟ್ಟಿ ಶಿಕಾರಿಪುರದ ದಾರಿ ಹಿಡಿಯುತ್ತಿದ್ದಾಗಲೇ ನನ್ನನ್ನು ಕರೆತಂದದ್ದು. ಸಂಬಳ ಲೆಕ್ಕಕ್ಕಲ್ಲ, ಸುರುಳಿಗೆ. ನಾನು ಬೇಡವೆಂದು ಓಡಿ ಬಂದ ಆ ಸಂಜೆಯ ಕೆಲಸವಿಲ್ಲದೆ ಸುರುಳಿಗೆ ಅರ್ಥವೇ ಇರಲಿಲ್ಲ, ಮತ್ತು ಅದು ನನಗೊಬ್ಬನಿಗಾದರೂ ಗೊತ್ತಿರಬೇಕಿತ್ತು.

ಆ ಹೆಂಗಸನ್ನು ಕರೆದುಕೊಂಡು ಹೋಗಿ ಸಾಹುಕಾರರ ಮುಂದೆ ಚೀಟಿ, ಹುರಿ ಎರಡನ್ನೂ ಇಟ್ಟೆ. ಅವರು ನನ್ನ ಮುಖ ನೋಡಲಿಲ್ಲ. ಆ ಹೆಂಗಸಿಗೇ ಹೇಳಿದರು: "ಬರ್ದವ್ರು ಇವ್ರು. ಇವ್ರಪ್ಪ ಎಂಥ ಮನುಷ್ಯ ಅಂತ ನಿಂಗೂ ಗೊತ್ತು. ನಾಲ್ಕು ಅಂತ ಬರ್ದಿದ್ರೆ ನಾಲ್ಕೇ. ಹುರಿಗೆ ಯಾರು ಬೇಕಾದ್ರೂ ಇನ್ನೊಂದು ಗಂಟು ಹಾಕ್ಬಹುದು."

ಅವಳು ನನ್ನ ಕಡೆ ತಿರುಗಿದಳು. ನಾನು ಆ ಗಳಿಗೆಯಲ್ಲಿ, ಈ ಚೀಟಿ ಸುಳ್ಳು, ನಾನು ಎಣಿಸಲೇ ಇಲ್ಲ ಎಂದು ಕೂಗಿ ಹೇಳಬೇಕಿತ್ತು. ಹೇಳಿದೆ, ಆದರೆ ಮಂಡಿ ದಾಟಿ ಬೀದಿಗೆ ಬಂದ ಮೇಲೆ ಅವಳ ಹಿಂದೆ ಓಡಿ ಹೋಗಿ, ಅವಳೊಬ್ಬಳಿಗೇ ಕೇಳುವ ಹಾಗೆ. ನನ್ನ ಸಂಬಳದಿಂದ ಆ ಒಂದು ಚೀಲದ ದುಡ್ಡು ಕೊಡುತ್ತೇನೆ ಎಂದೆ.

"ನಿಮ್ಮ ದುಡ್ಡು ನಂಗೆ ಬ್ಯಾಡ" ಎಂದಳು. "ನನ್ನ ಚೀಲ ಕೊಡಿ."

ಚೀಲ ನನ್ನಲ್ಲಿರಲಿಲ್ಲ. ಕಂಬಳಿಕೊಪ್ಪೆ ಸರಿಮಾಡಿಕೊಂಡು ಅವಳು ಹೊರಟುಹೋದಳು.

ಆ ದಿನವೇ ಕೆಲಸ ಬಿಟ್ಟೆ. ಆ ತಿಂಗಳ ಸಂಬಳ ಕೇಳಲಿಲ್ಲ, ಅವರು ಕೊಡಲೂ ಇಲ್ಲ. ಮರುದಿನ ಶಿಕಾರಿಪುರದ ಬಸ್ಸು ಹತ್ತಿದೆ. ದೊಡ್ಡಪ್ಪನ ಮುಂದೆ ನಿಂತು ಅತ್ತರೆ ಅವರು ನಡುವೆ ಬಂದು ನ್ಯಾಯ ಮಾಡಿಸುತ್ತಾರೆ ಎಂದು ದಾರಿಯುದ್ದಕ್ಕೂ ನಂಬಿದ್ದೆ. ಮಂಡಿಯ ಮೆಟ್ಟಿಲು ಹತ್ತಿದರೆ ನನ್ನ ಡೆಸ್ಕಿನ ಮುಂದೆ ಅವರ ಅಳಿಯ ಕೂತಿದ್ದ. ಅವರು ಕೆಲಸ ಬಿಟ್ಟ ಮೇಲೆ ಗಾದಿಯೂ ಅವನಿಗೇ ಎಂದು ಆಗಲೇ ಮಾತಾಗಿತ್ತಂತೆ. ಹಮಾಲರ ಹಿರಿಯ ನನ್ನನ್ನು ಕಂಡು ಹುರಿ ಕೆಳಗಿಟ್ಟ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಾನು ಜಗಲಿಯಲ್ಲಿ ನಿಂತೇ ಕೇಳಿದೆ: "ಅಲ್ಲಿ ಗಂಟು ಒಪ್ಪಿಸಾಂಗಿಲ್ಲ ಅಂತ ನಿಮಗ ಗೊತ್ತಿತ್ತಲ್ಲ ದೊಡ್ಡಪ್ಪ? ಅಪ್ಪನ ಸುರುಳಿ ಮಾರಿದ್ರಲ್ಲ!"

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ನಾಚಿಕೆಪಟ್ಟರೇ ಎಂದು ನೋಡಿದೆ, ಅಂಥದ್ದೇನೂ ಕಾಣಲಿಲ್ಲ.

"ನನಗ ಗೊತ್ತಿತ್ತು" ಎಂದರು. "ಮಗಳ ಸಂಸಾರ ನೋಡ್ಬೇಕಾಗಿತ್ತು, ನಿನ್ನ ಕಳಿಸಿದೆ. ನೀ ಎಣಿಸಾಂಗಿಲ್ಲ ಅಂತ ನಿನಗ ಮೊದಲನೇ ದಿನಾನೇ ಗೊತ್ತಾತು. ನೀ ಯಾಕ್ ಸುರುಳಿ ಹಾಕಿದಿ?"

ಬಾಯಿಗೆ ಬಂದದ್ದು ಬೈದು ಮೆಟ್ಟಿಲಿಳಿದೆ. ಅವರು ಸತ್ತಾಗ ಹೆಗಲು ಕೊಡಲು ಹೋಗಲಿಲ್ಲ. ಅವರು ನನಗೆ ಮಾಡಿದ್ದು ದ್ರೋಹ. ಅದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸಿದೆ ಎಂದು ಬರೆದರೆ ಇನ್ನೊಂದು ಸುಳ್ಳು ಚೀಟಿಯಾಗುತ್ತದೆ. ಆದರೆ ಅವರು ಕೇಳಿದ ಪ್ರಶ್ನೆ ಇನ್ನೂ ನನ್ನ ಹತ್ತಿರವೇ ಇದೆ.

ಮುಂದೆ ಶಿರಾಳಕೊಪ್ಪದ ಒಂದು ಸಣ್ಣ ಮಂಡಿಯಲ್ಲಿ ಎಪ್ಪತ್ತು ರೂಪಾಯಿಗೆ ಕೂತೆ. ಗಂಟು ಒಪ್ಪಿಸುವುದಾದರೆ ಮಾತ್ರ ಬರುತ್ತೇನೆ ಎಂದು ನಾನೇ ಷರತ್ತು ಹಾಕಿದ್ದೆ. ಬಳೆ ಮಾರಿದ್ದಾಗಿತ್ತು. ಮಗಳು ಮಲಗಿದ ಮೇಲೆ ಮನೆ ಸೇರುವುದು ಮತ್ತೆ ಶುರುವಾಯಿತು. ಮರುವರ್ಷದ ಸುಗ್ಗಿಯಲ್ಲಿ ಅದೇ ಹೆಂಗಸು ಅಲ್ಲಿಗೆ ಅಡಿಕೆ ತಂದಳು. ನಾನಿದ್ದೇನೆಂದು ಗೊತ್ತಿರಲಿಲ್ಲವೇನೋ, ಕಂಡು ಒಂದು ಗಳಿಗೆ ನಿಂತಳು. ಗಾಡಿಯ ಮಾಲು ಆಗಲೇ ಇಳಿಸಿಯಾಗಿತ್ತು.

ಅವತ್ತು ನಾನು ಗಾದಿಯಿಂದ ಎದ್ದು ಗೋದಾಮಿಗೆ ಹೋಗಿ ಚೀಲ ಮುಟ್ಟಿ ಎಣಿಸಿದೆ. ಆರು. ಹಮಾಲನ ಹುರಿಯಲ್ಲಿ ಆರು, ಅವಳ ಹುರಿಯಲ್ಲಿ ಆರು. ಚೀಟಿ ಬರೆದು, ತುಸು ತಡೆದು, ಸುರುಳಿ ಹಾಕಿ ಕೊಟ್ಟೆ. ಅವಳು ಅದನ್ನು ಸೆರಗಿಗೆ ಕಟ್ಟಿಕೊಳ್ಳಲಿಲ್ಲ. ಎರಡು ಬೆರಳಲ್ಲಿ ಹಿಡಿದುಕೊಂಡು ರಸ್ತೆ ದಾಟಿ, ಎದುರಿನ ಮಂಡಿಯ ಗುಮಾಸ್ತನ ಕೈಯಲ್ಲಿ ಓದಿಸಿದಳು.