ಗೋಡೆಯೊಳಗಿನ ಐದು ಗೂಡು

ನಮ್ಮವ್ವನ ಮನೆ ತೆಲಂಗಾಣದ ಗಡಿಯಲ್ಲಿರುವ ನಾರಾಯಣಪೇಟೆಯ ಹಳೆ ಓಣಿಯೊಂದರಲ್ಲಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಹಿಂದಿನ ಎರಡು ಕೋಣೆಗಳನ್ನು ತನಗೆ ಇಟ್ಟುಕೊಂಡು, ಮುಂದಿನ ಪಡಸಾಲೆ ಮತ್ತು ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟಳು. ನಾನು ಮಕ್ತಲ್‌ನಲ್ಲಿ ಶಾಲೆಯಲ್ಲಿ ಕಲಿಸುತ್ತೇನೆ, ಗಂಡ ಮಕ್ಕಳ ಜೊತೆ ಅಲ್ಲೇ ಇದ್ದೇನೆ. ಭಾನುವಾರ ಬಸ್ಸು ಹತ್ತಿ ಅವ್ವನ ಹತ್ತಿರ ಹೋಗುವುದು ರೂಢಿ.

ಬಾಡಿಗೆಗೆ ಬಂದವರು ಗಂಡ, ಹೆಂಡತಿ, ಒಂದು ಹೆಣ್ಣುಮಗು. ಆತ ಕಚೇರಿಗಳ ಎದುರು ಅರ್ಜಿ ಟೈಪ್ ಮಾಡಿಕೊಡುವ ಅಂಗಡಿ ಇಟ್ಟಿದ್ದ. ಮಾತು ನಯ. ಅವ್ವನನ್ನು ‘ಅಮ್ಮಾರೆ’ ಎಂದೇ ಕರೆಯುತ್ತಿದ್ದ. ಕರಾರು ಪತ್ರ ಬರೆಸಿಕೊಳ್ಳೋಣ ಎಂದು ನಾನು ಹೇಳಿದ್ದಕ್ಕೆ ಅವ್ವ, “ಬರ್ಯಾವನೇ ಅಂವ. ಅಂವನ ಕಡಿಂದ ಏನ್ ಬರಿಸ್ಕೊಳ್ಳೂದು?” ಎಂದು ನಕ್ಕಿದ್ದಳು.

ಕೊರೊನಾ ಕಾಲದಲ್ಲಿ ಕಚೇರಿಗಳು ಮುಚ್ಚಿದವು, ಬಾಡಿಗೆ ನಿಂತಿತು. ಅವ್ವ ಕೇಳಲಿಲ್ಲ. ಆಮೇಲೆ ಅಂಗಡಿ ತೆರೆಯಿತು, ಅದರ ಮುಂದೆ ಜನ ಸಾಲುಗಟ್ಟಿದರು, ಬಾಡಿಗೆ ಮಾತ್ರ ಬರಲಿಲ್ಲ. ಕೇಳಿದಾಗೆಲ್ಲ “ಮುಂದಿನ ತಿಂಗಳು ಕೊಡ್ತೀನ್ರಿ” ಎನ್ನುತ್ತಿದ್ದ. ಹೀಗೇ ಒಂದು ವರ್ಷ ಕಳೆದ ಮೇಲೆ ಅವ್ವ ಮನೆ ಬಿಡಲು ಹೇಳಿದಳು. ಆ ವಾರವೇ ಅವನು ಮುಂಭಾಗಕ್ಕೂ ಹಿಂಭಾಗಕ್ಕೂ ನಡುವೆ ಇದ್ದ ಬಾಗಿಲಿಗೆ ಮೊಳೆ ಹೊಡೆದ. ಒಳಗೆ ಗಾರೆ ಕೆಲಸ ಶುರುವಾಯಿತು. ಅವ್ವ ಪಕ್ಕದ ಸಂದಿಯಿಂದ ತನ್ನ ಮನೆಗೆ ಹೋಗಿ ಬರತೊಡಗಿದಳು.

ನಾನೇ ಹೋಗಿ ಕೇಳಿದೆ. ಅವನು ಕುರ್ಚಿ ಹಾಕಿ ಕೂಡಿಸಿ, ಚಹಾ ತರಿಸಿ, ಮೆಲ್ಲಗೆ ಹೇಳಿದ: “ಮೇಡಂ, ಈ ಮನಿ ನಿಮ್ಮದು ಅನ್ನಾಕ ಏನ್ ಐತ್ರಿ? ನಿಮ್ಮ ಸೋದರಮಾವ ಸಾಯೂ ಮುಂದ ನನಗ ಕೊಟ್ಟು ಹೋಗ್ಯಾರ. ನಾ ಬಾಡಿಗಿದಾರ ಅಲ್ಲ.”

ಮಾವನಿಗೆ ಈ ಮನೆಯಲ್ಲಿ ಪಾಲೇ ಇರಲಿಲ್ಲ. ಮನೆ ಅವ್ವನಿಗೆ ಅವಳ ತಾಯಿಯಿಂದ ಬಂದದ್ದು. ಆದರೆ ಮಾವ ಸತ್ತಿದ್ದ, ಕರಾರು ಪತ್ರವಿರಲಿಲ್ಲ. ಆ ಚಹಾವನ್ನು ನಾನು ಕುಡಿದು ಮುಗಿಸಿದೆ ಎನ್ನುವುದು ಇವತ್ತಿಗೂ ನಾಚಿಕೆ.

ನೆಂಟರು ಒಬ್ಬೊಬ್ಬರು ಒಂದೊಂದು ಹೇಳಿದರು. ಕರೆಂಟು ಕಡಿಸು, ನಾಲ್ಕು ಜನರನ್ನು ಕರೆಸು, ನಳ ಬಂದ್ ಮಾಡು. ನಳ ಅವ್ವನ ಹಿತ್ತಲಲ್ಲಿತ್ತು. ಅವನ ಹೆಂಡತಿ ದಿನಾ ತಲೆ ತಗ್ಗಿಸಿಕೊಂಡು ಸಂದಿಯಿಂದ ಬಂದು ಕೊಡ ತುಂಬಿಕೊಂಡು ಹೋಗುತ್ತಿದ್ದಳು.

“ಆಕಿ ಏನ್ ಮಾಡ್ಯಾಳ? ಆ ಕೂಸಿಗೆ ಜಳಕ ಬ್ಯಾಡೇನು?” ಎಂದಳು ಅವ್ವ. “ಕೋರ್ಟಿಗೆ ಹೋಗೂಣು.”

ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಹೀಗೆ ಹೇಳಿದ್ದು ಕೇಳಿ ನಾನು ವಕೀಲರನ್ನು ಹುಡುಕಲು ಹೊರಟೆ.

ನಮ್ಮ ವಕೀಲರು ಒಬ್ಬ ಹೆಣ್ಣುಮಗಳು. ಅವರು ಮೊದಲು ಕೇಳಿದ್ದೇ ಮನೆಯ ಮೂಲ ಕಾಗದ. ಅವ್ವ ಟ್ರಂಕಿನ ತಳದಿಂದ ಹಳದಿ ಬಟ್ಟೆಯ ಗಂಟು ತೆಗೆದಳು. ಅದರಲ್ಲಿ ನಿಜಾಮರ ಕಾಲದ ಸ್ಟಾಂಪಿನ ಎರಡು ಹಾಳೆ ಇದ್ದವು, ತುಂಬ ಉರ್ದು. ಊರಿನಲ್ಲಿ ತೋರಿಸಿದವರೆಲ್ಲ ಇದು ಅಕ್ಷರ ಮುರಿದು ಗೀಚಿದ ಹಳೆ ಕೈಬರಹ, ನಮ್ಮಿಂದಾಗದು ಎಂದರು. ಗದ್ವಾಲದಲ್ಲಿ ಉರ್ದು ಶಾಲೆಯಿಂದ ನಿವೃತ್ತರಾದ ಒಬ್ಬ ಮುದುಕಿ ಇದ್ದಾರೆ, ಅವರು ಓದಿಯಾರು ಎಂದು ಯಾರೋ ಹೇಳಿದರು.

ಮುಂದಿನ ಭಾನುವಾರ ಅವ್ವ ಮಕ್ತಲ್‌ಗೆ ಬಂದಳು, ಅಲ್ಲಿಂದ ಇಬ್ಬರೂ ಗದ್ವಾಲದ ಬಸ್ಸು ಹತ್ತಿದೆವು. ಜುರಾಲಾ ಆಣೆಕಟ್ಟಿನ ಮೇಲೆ ಬಸ್ಸು ಹೋಗುವಾಗ ಗೇಟು ತೆರೆದಿದ್ದರು, ತುಂತುರು ಕಿಟಕಿಯವರೆಗೂ ಹಾರಿ ಬರುತ್ತಿತ್ತು. ಅವ್ವ ಹೊರಗೆ ನೋಡಲೇ ಇಲ್ಲ. ಗಂಟನ್ನು ಸೆರಗಿನೊಳಗೆ ಮುಚ್ಚಿ, ಅದರ ಮೇಲೆ ಬಾಗಿ ಕೂತಿದ್ದಳು.

ಆ ಟೀಚರಮ್ಮನಿಗೆ ಎಂಬತ್ತು ದಾಟಿತ್ತು. ನಮ್ಮ ಕನ್ನಡ ಕೇಳಿದ್ದೇ ಮುಖ ಅರಳಿತು. “ಬರ್ರಿ, ಬರ್ರಿ, ನಾನೂ ರಾಯಚೂರಾಗ ಹುಟ್ಟಿದಾಕಿ” ಎಂದು ಮಂಚದ ಮೇಲೆ ಜಾಗ ಮಾಡಿದರು. ಭೂತಗನ್ನಡಿ ಹಿಡಿದು ಮೊದಲು ಇಡೀ ಕಾಗದವನ್ನು ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ತಲೆ ಎತ್ತಿ ಅವ್ವನನ್ನು ಕೇಳಿದರು: “ಈ ಮನಿ ಕೊಂಡಾವ್ರು ಯಾರಂತ ನಿಮಗ ಗೊತ್ತೈತೇನವಾ?”

“ನಮ್ಮ ಅಜ್ಜ ಅಲ್ರೀ?”

“ಅಲ್ಲ. ಇದರಾಗ ಹೆಣ್ಣಮಗಳ ಹೆಸರೈತಿ.” ಅವರು ಓದಿದರು. ಅದು ಅವ್ವನ ಅಜ್ಜಿಯ ಹೆಸರು. “ಬೇವಾ. ಅಂದ್ರ ಗಂಡ ಸತ್ತಾಕಿ. ಪೇಶಾ, ಅಂದ್ರ ಕಸಬು, ನೂಲಿನ ವ್ಯಾಪಾರ. ತನ್ನ ಸ್ವಂತ ಕಮಾಯಿಲೆ ಕೊಂಡಾಳಂತ ಬರದಾರ. ಇಲ್ಲಿ ನೋಡ್ರಿ, ಆಕಿ ಹೆಬ್ಬಟ್ಟು.”

ಆ ಅಜ್ಜಿಯ ಬಗ್ಗೆ ಮನೆಯಲ್ಲಿ ನಾವು ಕೇಳಿದ್ದು, ರೊಟ್ಟಿ ತೆಳ್ಳಗೆ ಬಡಿಯುತ್ತಿದ್ದಳು ಎಂಬುದಷ್ಟೇ. ನೇಕಾರರ ಮನೆಮನೆಗೆ ನೂಲು ಮಾರಿ, ಆ ಕಾಲದಲ್ಲಿ ತನ್ನ ಹೆಸರಿಗೆ ಮನೆ ಬರೆಸಿಕೊಂಡವಳು ಅವಳು. ಎಲ್ಲರ ಬಾಯಲ್ಲೂ ಅದು ಅಜ್ಜನ ಮನೆಯಾಗಿಬಿಟ್ಟಿತ್ತು. ಮಾಸಿದ ಆ ಹೆಬ್ಬೆಟ್ಟಿನ ಗುರುತಿನ ಪಕ್ಕ ಅವ್ವ ತನ್ನ ಹೆಬ್ಬೆರಳು ಇಟ್ಟು ನೋಡಿದಳು.

ಟೀಚರಮ್ಮ ಉಳಿದದ್ದನ್ನೂ ಓದಿದರು: ನಾಲ್ಕು ದಿಕ್ಕಿನ ಚಕ್ಕುಬಂದಿ, ತೊಲೆಗಳ ಲೆಕ್ಕ, ಪಡಸಾಲೆಯ ಒಳಗೋಡೆಯಲ್ಲಿ ‘ಪಾಂಚ್ ತಾಕ್’, ಅಂದರೆ ದೀಪ ಗೀಪ ಇಡಲು ಬಿಟ್ಟ ಐದು ಗೂಡು. ವಕೀಲರು ಆಮೇಲೆ ಅದನ್ನು ಕೋರ್ಟಿಗೆ ಬೇಕಾದ ರೀತಿಯಲ್ಲಿ ತರ್ಜುಮೆ ಮಾಡಿಸಿದರು.

ಅಲ್ಲಿಂದ ಕೋರ್ಟಿನ ಪೇಶಿಗಳು ಶುರುವಾದವು. ಒಂದು ಸಲ ಎದುರು ವಕೀಲರು ಬರುತ್ತಿರಲಿಲ್ಲ, ಇನ್ನೊಂದು ಸಲ ಜಡ್ಜ್ ರಜೆ, ಮತ್ತೊಂದು ಸಲ ಆ ಬಾಡಿಗೆಯವನಿಗೇ ಹೊಟ್ಟೆನೋವು. ಹೊಸ ತಾರೀಖು ಬರೆಸಿಕೊಂಡು ಅವ್ವ ಮನೆಗೆ ಬರುತ್ತಿದ್ದಳು. ಎರಡು ವರ್ಷದಲ್ಲಿ ಒಂದು ತಾರೀಖನ್ನೂ ಅವಳು ತಪ್ಪಿಸಲಿಲ್ಲ. ತನ್ನ ಕೆಲಸವಿಲ್ಲದಾಗಲೂ ಸಂಜೆಯವರೆಗೆ ಬೆಂಚಿನ ಮೇಲೆ ಕೂತು ಬೇರೆಯವರ ಕೇಸು ಕೇಳುತ್ತಿದ್ದಳು.

ಕೊನೆಗೆ ಅವಳ ಸಾಕ್ಷಿಯ ದಿನ ಬಂತು. ಎದುರು ವಕೀಲರು ತೆಲುಗಿನಲ್ಲಿ ಕೇಳಿದರು: ಓದಲು ಬಾರದ ನಿಮಗೆ ಈ ಕಾಗದ ಈ ಮನೆಯದೇ ಎಂದು ಹೇಗೆ ಗೊತ್ತು? ಇದರಲ್ಲಿ ಐದು ಗೂಡು ಎಂದಿದೆ, ಆ ಮನೆಯ ಗೋಡೆಯಲ್ಲಿ ಒಂದೂ ಇಲ್ಲವಲ್ಲ?

ಅವ್ವನಿಗೆ ತೆಲುಗು ಚೆನ್ನಾಗಿ ಬರುತ್ತದೆ. ಆದರೆ ಅಂದು ಅವಳು ಕನ್ನಡದಲ್ಲೇ ಹೇಳಿದಳು: “ಗೂಡು ಅದಾವ್ರಿ. ಮ್ಯಾಲೆ ಗಾರಿ ಗಿಲಾವ್ ಹಚ್ಯಾರ. ನನ್ನ ಒಳಗ ಬಿಡ್ರಿ, ತೋರಸ್ತೀನಿ.” ನಮ್ಮ ವಕೀಲರು ಅದನ್ನು ಜಡ್ಜ್‌ಗೆ ತೆಲುಗಿನಲ್ಲಿ ತಿಳಿಸಿದರು. ಮನೆ ನೋಡಿ ವರದಿ ಕೊಡಲು ಕೋರ್ಟು ಒಬ್ಬ ಕಮಿಷನರನ್ನು ನೇಮಿಸಿತು.

ಅವರು ಬಂದ ದಿನ ನಾನು ರಜೆ ಹಾಕಿ ಹೋಗಿದ್ದೆ. ಪಡಸಾಲೆ ಗುರುತೇ ಸಿಗುತ್ತಿರಲಿಲ್ಲ. ತೊಲೆಗಳ ಕೆಳಗೆ ಬಿಳಿ ಸೀಲಿಂಗು, ನುಣ್ಣಗಿನ ಗೋಡೆಗೆ ಗುಲಾಬಿ ಬಣ್ಣ. ಇಷ್ಟು ವರ್ಷಗಳ ಮೇಲೆ ಒಳಗೆ ಕಾಲಿಟ್ಟ ಅವ್ವ ಚಪ್ಪಲಿ ಬಿಟ್ಟು, ಬಾಗಿಲ ಮೂಲೆಗೆ ಬೆನ್ನು ಹಚ್ಚಿ ನಿಂತಳು. ಆಮೇಲೆ ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಹಾಕುತ್ತ ಗೋಡೆಯಗುಂಟ ನಡೆದಳು. ಮೂರು ಮೊಳಕ್ಕೆ ನಿಂತು, ಕೈಯನ್ನು ಒಂದು ಗೇಣು ಮೇಲೆ ಸರಿಸಿ, ಬೆರಳ ಗಂಟಿನಿಂದ ಬಡಿದಳು. “ಇಲ್ಲಿ ಒಡೀರಿ. ಇದು ದೀಪದ್ದು.”

ಕಮಿಷನರ್ ಜೊತೆ ಬಂದಿದ್ದ ಗೌಂಡಿ ಉಳಿ ಇಟ್ಟು ಹೊಡೆದ. ಗುಲಾಬಿ ಚಕ್ಕೆ ಉದುರಿತು, ಇಟ್ಟಿಗೆ ಚೂರು ಸುರಿದವು, ಹಿಂದೆ ದೀಪದ ಮಸಿ ಹತ್ತಿದ ಕಪ್ಪು ಗೂಡು ಬಾಯಿ ತೆರೆಯಿತು.

ಅವ್ವ ಆಗಲೇ ಮುಂದೆ ಹೋಗಿದ್ದಳು. “ಇದು ಹಣಿಗೆ ಹಚ್ಚೂ ಈಬತ್ತಿದು. ಇದು ಎಣ್ಣಿ ಬುಡ್ಡಿದು.” ನಾಲ್ಕನೆಯದರ ಹತ್ತಿರ ನಕ್ಕಳು. “ಇದು ದೊಡ್ಡದೈತ್ರಿ. ಸಣ್ಣಾಕಿದ್ದಾಗ ಇದರಾಗ ಹೊಕ್ಕು ಕುಂತಿದ್ದೆ, ಹೊರಗ ಬರಾಕಾಗ್ದ ಅತ್ತಿದ್ದೆ. ನಮ್ಮಜ್ಜಿನೇ ಎಳದು ತಗದ್ಲು.” ಕಮಿಷನರ್ ಸಾಹೇಬರೂ ನಕ್ಕುಬಿಟ್ಟರು. ಐದಕ್ಕೆ ಐದೂ ಸಿಕ್ಕವು. ಎಲ್ಲಿಯೂ ಎರಡನೇ ಸಲ ಉಳಿ ಸರಿಸಬೇಕಾಗಲಿಲ್ಲ. ಮೂಲೆಯಲ್ಲಿ ನಿಂತಿದ್ದ ಆ ಬಾಡಿಗೆಯವನು ಕೂಡ ಕೈ ಕಟ್ಟಿಕೊಂಡು ಅವ್ವನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ನನ್ನ ಮುಖದಲ್ಲಿದ್ದ ಬೆರಗೇ ಅಲ್ಲಿಯೂ ಇತ್ತು. ಇವಳನ್ನು ನಾನು ನಲವತ್ತು ವರ್ಷದಿಂದ ನೋಡುತ್ತಿದ್ದೇನೆ, ಏನೂ ನೋಡಿಲ್ಲ ಎಂದು ನನಗೆ ಅನ್ನಿಸಿತು.

ತೀರ್ಪು ನಮ್ಮ ಕಡೆ ಆಯಿತು. ಆದರೂ ಮನೆ ಕೂಡಲೇ ಕೈಗೆ ಬರಲಿಲ್ಲ. ಅವನು ಮೇಲಿನ ಕೋರ್ಟಿಗೆ ಹೋದ, ಅಲ್ಲಿಯೂ ಸೋತ. ಆಮೇಲೆ ಅವನ ಹೆಂಡತಿ ಹಿತ್ತಲಿಗೆ ಬಂದು, ಮಗಳ ಪರೀಕ್ಷೆ ಮುಗಿಯುವವರೆಗೆ ಇರಲು ಕೇಳಿದಳು. ನಾನು ಬೇಡವೇ ಬೇಡ ಎಂದೆ. ಅವ್ವ ಮಾತ್ರ ವಕೀಲರ ಎದುರು ತಾರೀಖು ಬರೆಸಿಕೊಂಡು ಒಪ್ಪಿದಳು. “ಈ ಸಲ ಬರಿಸ್ಕೊಂಡೀನಿ, ನೋಡು” ಎಂದಳು ನನಗೆ. ಹೇಳಿದ ದಿನ ಅವರು ಹೋದರು. ನಿಂತ ಬಾಡಿಗೆ ಹೋದದ್ದೇ ಆಯಿತು, ಅವ್ವ ಅದರ ಮಾತು ಎತ್ತುವುದಿಲ್ಲ.

ಒಂದು ದಿನ ಅಂಜಿಕೆ ಆಗಲಿಲ್ಲವೇ ಎಂದು ಕೇಳಿದೆ. “ಆಗದೇನವಾ! ಕಟಕಟಿ ಹತ್ತೂ ಮುಂದ ಕಾಲು ಗಡಗಡ ನಡಗಾಕತ್ತಿದ್ವು. ಸೀರಿ ಉದ್ದ ಇತ್ತು, ಯಾರಿಗೂ ಕಾಣಲಿಲ್ಲ” ಎಂದಳು.

ಕಳೆದ ವಾರ ಮಧ್ಯಾಹ್ನ ಫೋನ್ ಮಾಡಿದರೆ ಅವಳು ಎತ್ತಲಿಲ್ಲ. ಗಾಬರಿಯಾಗಿ ಪಕ್ಕದ ಮನೆಯವರಿಗೆ ಮಾಡಿದೆ. ಉಟ್ಕೂರಿನಿಂದ ಒಬ್ಬ ಹೆಂಗಸು ಬಂದಿದ್ದಳಂತೆ, ಅವಳ ಅಂಗಡಿ ಮಳಿಗೆಯನ್ನು ಬಾಡಿಗೆಗೆ ಹಿಡಿದವನೂ ಜಾಗ ಬಿಡುತ್ತಿಲ್ಲವಂತೆ. ಅವಳಿಗೆ ಮೊದಲು ಉಣ್ಣಲು ಬಡಿಸಿ, ಆಮೇಲೆ ಕೈ ಹಿಡಿದುಕೊಂಡು ನಮ್ಮವ್ವ ಕೋರ್ಟಿನ ಕಡೆ ಹೋದಳಂತೆ.