ಕಲಾಯಿ ಹೋದ ಕೊಪ್ಪರಿಗೆ

ಅವರ ಬಲಗೈ ಹೆಬ್ಬೆರಳಿನ ಉಗುರು ಹಳದಿಗಟ್ಟಿ, ಬುಡದಲ್ಲಿ ಬಿರಿದು, ಒಣಗಿದ ಹುಣಸೆ ಸಿಪ್ಪೆಯಂತೆ ಎದ್ದು ನಿಂತಿತ್ತು. ನೈಟ್ರಿಕ್ ಆಮ್ಲ ತಿಂದ ಉಗುರು. ಅದೇ ಬೆರಳಲ್ಲಿ ನಶ್ಯ ಏರಿಸುತ್ತಿದ್ದರು, ಅದೇ ಬೆರಳಲ್ಲಿ ಮಧ್ಯಾಹ್ನ ಮುದ್ದೆ ಮುರಿಯುತ್ತಿದ್ದರು. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ನಮಗೆ ಕೆಮಿಸ್ಟ್ರಿ ಹೇಳಿದ ಮೇಷ್ಟ್ರನ್ನು ನೆನೆದರೆ ನನಗೆ ಮೊದಲು ಬರುವುದು ಓಕರಿಕೆ. ಗೌರವ ಆಮೇಲೆ, ನಿಧಾನವಾಗಿ ಬರುತ್ತದೆ.

ದುರ್ಗದ ಕಡೆಯ ತಾಮ್ರದ ಗಣಿಯಿಂದ ಅದಿರಿನ ಚೂರು ತಂದು ತರಗತಿಯಲ್ಲೇ ಹುರಿಯುತ್ತಿದ್ದರು. ಗಂಧಕದ ಹೊಗೆಗೆ ನಾವು ಮೂಗು ಮುಚ್ಚಿ ಕೆಮ್ಮಿದರೆ, ಚೆನ್ನಾಗಿ ಮೂಸಿ, ಪರೀಕ್ಷೆಯಲ್ಲಿ ಮರೆಯುವುದಿಲ್ಲ ಎನ್ನುತ್ತಿದ್ದರು. ಯಾವ ಲೋಹ ಕಂಡರೂ ಉಜ್ಜಿ ಮೂಸಬೇಕು, ನಾಲಿಗೆಗೆ ತಾಗಿಸಿ ಉಗಿಯಬೇಕು. ಉಗಿಯಲು ಗೋಡೆ, ಗಿಡ, ಬೋರ್ಡಿನ ಬುಡ, ಎಲ್ಲ ಒಂದೇ.

ಪಾಠ ಮಾತ್ರ ಅಚ್ಚೊತ್ತಿದಂತೆ ಕೂರುತ್ತಿತ್ತು. "ಸೋಡಿಯಂ ಜಗಳಗಂಟಿ, ನೀರು ಕಂಡ್ರೂ ಹೊತ್ಕಂತಾಳೆ. ಸತು, ಕಬ್ಬಿಣ ಗೊಣಗೋರು. ತಾಮ್ರ ತೆಪ್ಪಗಿರಾಕೆ. ಹುಳಿ ಬಂದು ಬಾಗಿಲು ತಟ್ಟಿದ್ರೂ ತೆಗೆಯಲ್ಲ." ತಾಮ್ರವು ದುರ್ಬಲ ಆಮ್ಲಗಳೊಂದಿಗೆ ವರ್ತಿಸುವುದಿಲ್ಲ ಎಂದು ಬರೆದು ನಾನು ಹತ್ತಕ್ಕೆ ಹತ್ತು ತೆಗೆದುಕೊಂಡೆ.

ಅದೇ ತಿಂಗಳು ಅಕ್ಕನ ಮದುವೆ ನಮ್ಮ ಮನೆಯಲ್ಲೇ ಆಯಿತು. ಬೀಗರು ಹೊಸದುರ್ಗದವರು, ಎಲ್ಲದರಲ್ಲೂ ಹುಳುಕು ಹುಡುಕುವವರು ಎಂದು ಹೆಸರಾದವರು. ಮಜ್ಜಿಗೆಹುಳಿಗೆಂದು ತೆಗೆದ ತಾಮ್ರದ ಕೊಪ್ಪರಿಗೆ ತಿಕ್ಕುವ ಕೆಲಸ ನನ್ನ ಪಾಲಿಗೆ ಬಂತು. ತಾಮ್ರಕ್ಕೆ ಹುಳಿ ತಾಗದಿರಲೆಂದು ಒಳಗೆ ಬಳಿಸಿದ್ದ ತವರದ ಕಲಾಯಿ ಬೂದುಗಟ್ಟಿ ಕೊಳೆಯಂತೆ ಕಾಣುತ್ತಿತ್ತು. ಬೀಗರ ಕಣ್ಣಿಗೆ ಬಿದ್ದರೆ? ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ, ಒಳಗೆಲ್ಲ ಕೆಂಪಗೆ ಹೊಳೆಯುವ ತನಕ ಉಜ್ಜಿದೆ. ಚಿಂತೆ ಮಾಡುವುದೇ ನನ್ನ ಹುಟ್ಟುಗುಣ. ಬೀಗ ಹಾಕಿದ ಬಾಗಿಲನ್ನು ಇಂದಿಗೂ ಮೂರು ಸಲ ಎಳೆದು ನೋಡುತ್ತೇನೆ. ಚಿಂತೆ ಮಾಡಲೇಬೇಕಿದ್ದ ಆ ಒಂದು ದಿನ ಮಾತ್ರ ಮಾಡಲಿಲ್ಲ. ತಾಮ್ರ ಹುಳಿಗೆ ಬಾಗಿಲು ತೆಗೆಯುವುದಿಲ್ಲ ಎಂಬ, ಹತ್ತಕ್ಕೆ ಹತ್ತರ ಧೈರ್ಯ.

ಬೆಳಗ್ಗೆ ಮಾಡಿದ ಮಜ್ಜಿಗೆಹುಳಿ ಮಧ್ಯಾಹ್ನದವರೆಗೆ ಅದರಲ್ಲೇ ಕೂತಿತು. ಅಂಚಿಗೆ ಹಸಿರು ಕಟ್ಟಿದ್ದನ್ನು ಎಲ್ಲರೂ ಕೊತ್ತಂಬರಿ ಎಂದುಕೊಂಡರು. ಎರಡು ಸಲ ರುಚಿ ನೋಡಿದ್ದ ಅಡುಗೆಯವರು ಹಿತ್ತಲಲ್ಲಿ ಕಾರಿಕೊಳ್ಳುತ್ತಿದ್ದುದನ್ನು ಒಲೆಯ ಝಳ ಎಂದುಕೊಂಡರು. ಊಟಕ್ಕೆ ಬಂದಿದ್ದ ಮೇಷ್ಟ್ರು ಕೈ ತೊಳೆಯಲು ಹಿತ್ತಲಿಗೆ ಹೋದವರು ಆ ವಾಂತಿಯ ಮೇಲೆ ಬಗ್ಗಿ ನೋಡಿದರು. ಮೂಸಿದರು ಕೂಡ. ನೇರ ಅಡುಗೆಮನೆಗೆ ನುಗ್ಗಿ, ಆ ಉಗುರನ್ನೇ ಕೊಪ್ಪರಿಗೆಗೆ ಅದ್ದಿ ಚೀಪಿ, ಒಲೆಯ ಬದಿಗೆ ಉಗಿದರು.

"ಇದನ್ನ ಬಡಿಸಬ್ಯಾಡ್ರಿ. ಕಿಲುಬು ಇಳಿದೈತೆ, ವಿಷ."

ಅಪ್ಪ ಕೈಜೋಡಿಸಿದರು. "ಬೀಗರು ಎಲೆ ಮುಂದೆ ಕುಂತವ್ರೆ ಮೇಷ್ಟ್ರೆ."

"ಕುಂತೋರು ಎದ್ದು ಹೋಗ್ಬೇಕಲ್ರಿ ಯಜಮಾನ್ರೆ."

ಅಷ್ಟರಲ್ಲಿ ಸೋದರತ್ತೆ ಕೊಪ್ಪರಿಗೆಯೊಳಗೆ ಇಣುಕಿ, "ಹಬ್ಬಕ್ಕೆ ಹಾಕ್ಸಿದ ಕಲಾಯಿ ಎಲ್ಲಿ ಹೋತು? ಯಾರೇ ಇದನ್ನ ತಿಕ್ಕಿದ್ದು?" ಎಂದರು.

ನನ್ನ ಬೆರಳುಗಳು ಹುಣಸೆಹುಳಿಗೆ ಸುಲಿದು ಕೆಂಪಾಗಿದ್ದವು. ಮೇಷ್ಟ್ರು ಅವನ್ನು ನೋಡಿದರು. ನಾನು ಕೈಯನ್ನು ಬೆನ್ನ ಹಿಂದೆ ಮಾಡಿದೆ. ಮರುಕ್ಷಣ ಅವರು ಕಾಲೆತ್ತಿ ಕೊಪ್ಪರಿಗೆಯನ್ನು ಒದ್ದರು. ಮಜ್ಜಿಗೆಹುಳಿಯೆಲ್ಲ ನೆಲದ ಮೇಲೆ ಹರಿದು ಬಚ್ಚಲು ಸೇರಿತು. ಆಮೇಲೆ ತಿಕ್ಕಿದವರು ಯಾರೆಂದು ಯಾರೂ ಕೇಳಲಿಲ್ಲ. ಮದುವೆಯ ಅಡುಗೆಗೆ ಕಾಲು ಹಾಕಿದ ಮನುಷ್ಯನನ್ನು ಬೈಯುವುದರಲ್ಲಿ ಎರಡೂ ಕಡೆಯವರು ಒಂದಾದರು. ಉಣ್ಣದೆ ಹೊರಟ ಅವರ ಕಾಲಿಗೆ ಹಸಿರು ಮಜ್ಜಿಗೆ ಮೆತ್ತಿತ್ತು.

ಸೋಮವಾರ ತರಗತಿಯಲ್ಲಿ ನನ್ನ ಕಡೆ ತಿರುಗಿಯೂ ನೋಡದೆ ಹೇಳಿದರು: "ತಾಮ್ರದ ಸಾಲು ಹೊಡೆದುಹಾಕ್ರಿ. ಗಾಳಿ ಜೊತೆಗಿದ್ರೆ ಹುಳಿ ತಾಮ್ರನ ಕರಗಿಸ್ತೈತೆ. ನಾನು ಅರ್ಧ ಹೇಳಿದ್ದೆ. ಅರ್ಧ ಪಾಠ ಹೇಳೋ ಮೇಷ್ಟ್ರ ಬಾಯಿಗೆ ಅದೇ ಮಜ್ಜಿಗೆಹುಳಿ ಹುಯ್ಯಬೇಕು."

ನಮ್ಮ ಮನೆಯಲ್ಲಿ ಅವರು 'ಒದೆಯೋ ಮೇಷ್ಟ್ರು' ಆಗಿಯೇ ಉಳಿದರು. ಪ್ರತಿ ಮದುವೆಯಲ್ಲೂ ಆ ಕಥೆ ಎದ್ದು ಬರುತ್ತಿತ್ತು, ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹಿರಿಯೂರಿನಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಲೋಹಗಳ ಪಾಠ ಹೇಳುತ್ತಿದ್ದೇನೆ, ತಾಮ್ರದ ಸಾಲನ್ನು ಪೂರ್ತಿ ಹೇಳುತ್ತೇನೆ. ಅದನ್ನು ಯಾರಿಂದ ಕಲಿತೆ ಎಂದು ಮಾತ್ರ ನಮ್ಮವರ ಮುಂದೆ ಬಾಯಿ ಬಿಟ್ಟಿರಲಿಲ್ಲ. ಆ ನಗು ನೆನಪಾದರೆ ಈಗ ನನ್ನ ಮೇಲೇ ಹೇಸಿಗೆಯಾಗುತ್ತದೆ. ಮೇಷ್ಟ್ರ ಉಗುಳು ಅದರ ಮುಂದೆ ಏನೂ ಅಲ್ಲ.

ಕಳೆದ ಆಷಾಢದಲ್ಲಿ ಮೇಷ್ಟ್ರು ತೀರಿಕೊಂಡರು. ಅಕ್ಕನಿಗೆ ಫೋನ್ ಮಾಡಿದೆ. "ಯಾರು, ನನ್ನ ಮದ್ವೆ ಅಡುಗೆ ಒದ್ದೋನಾ?" ಎಂದಳು.

"ಕೊಪ್ಪರಿಗೆ ತಿಕ್ಕಿದ್ದು ನಾನು ಕಣೆ. ಅವರಿಗೆ ಗೊತ್ತಿತ್ತು."

ಅಕ್ಕ ಮೆಲ್ಲಗೆ ಕೇಳಿದಳು:

"ಈಗ ಹೇಳ್ತೀಯಲ್ಲೇ, ಅವರಿಗೆ ಕೇಳಿಸ್ತೈತಾ?"